ಮಳೆ ತರುವ ಡ್ರ್ಯಾಗನ್: ಬರೆಯೋದು ಹೇಗೆ, ಚಿಕ್ಕವರಿಗೆ ಹೇಳಿಕೊಡೋದು ಹೇಗೆ?



ಕಳೆದ ನಾಲ್ಕು ಶನಿವಾರ ಕೊನೆಯ ಪಿರಿಯಡ್ಡಿನಲ್ಲಿ ನಾನು ಮೂರನೇ ತರಗತಿ ಮಕ್ಕಳಿಗೆ ಚೀನಾ ದೇಶದ ಡ್ರ್ಯಾಗನ್ ಚಿತ್ರ ಬರೆಯೋದನ್ನ ಹೇಳಿಕೊಟ್ಟೆ. ಈ ಗೋಡೆ ಪತ್ರಿಕೆಯ ಪಕ್ಕದಲ್ಲಿ ಅಂಟಿಸಿರೋ ಹದಿನಾಲ್ಕು ಚಿತ್ರಗಳು ಅವರದ್ದೇ. ನೋಡಿದವರೆಲ್ಲ "ಇದೇನು ಹಾವೋ, ಮೊಸಳೆಯೋ, ಇದಕ್ಕೆ ರೆಕ್ಕೆ ಎಲ್ಲಿ, ಬೆಂಕಿ ಎಲ್ಲಿ?" ಅಂತ ಕೇಳ್ತಾ ಇದ್ದಾರೆ. ಒಬ್ಬೊಬ್ಬರಿಗೂ ಉತ್ತರ ಹೇಳಿ ಸಾಕಾಯ್ತು. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಇಲ್ಲಿ ಬರೆದಿದ್ದೇನೆ. ಓದಿದ ಮೇಲೆ ಚಿತ್ರಗಳನ್ನ ಇನ್ನೊಂದು ಸಲ ನೋಡಿ.

ಇದು ಬೆಂಕಿ ಉಗುಳುವ ಡ್ರ್ಯಾಗನ್ ಅಲ್ಲ

ನಾವು ಟಿ.ವಿ.ಯಲ್ಲಿ ನೋಡೋ ಡ್ರ್ಯಾಗನ್ ಯೂರೋಪಿನ ಕಥೆಗಳಿಂದ ಬಂದದ್ದು. ಅದಕ್ಕೆ ಬಾವಲಿ ತರಹ ರೆಕ್ಕೆ. ಬಾಯಿಂದ ಬೆಂಕಿ. ಗುಹೆಯಲ್ಲಿ ಚಿನ್ನ ಕಾಯುತ್ತಾ ಕೂತಿರುತ್ತೆ. ಕುದುರೆ ಮೇಲೆ ವೀರ ಬಂದು ಅದನ್ನ ಕೊಲ್ಲುತ್ತಾನೆ.

ಚೀನಾದ ಡ್ರ್ಯಾಗನ್ ಬೇರೆ. ಅದರ ಹೆಸರು ಅವರ ಭಾಷೆಯಲ್ಲಿ ಲೊಂಗ್. (ಇಂಗ್ಲಿಷಿನ ಲಾಂಗ್ ಅಲ್ಲ. ಆದರೂ ಪ್ರಾಣಿ ಉದ್ದವಾಗಿಯೇ ಇದೆ!) ಅದಕ್ಕೆ ಸಾಮಾನ್ಯವಾಗಿ ರೆಕ್ಕೆ ಇರೋದಿಲ್ಲ, ಆದರೂ ಆಕಾಶದಲ್ಲಿ ಹೋಗುತ್ತೆ. ಅದರ ಮನೆ ನೀರು. ನದಿ, ಕೆರೆ, ಬಾವಿ, ಸಮುದ್ರ ಎಲ್ಲಾ ಕಡೆ ಇರುತ್ತೆ ಅಂತ ಅವರ ಕಥೆಗಳು ಹೇಳುತ್ತವೆ. ಮೋಡ ಕೂಡಿಸಿ ಮಳೆ ಸುರಿಸೋದು ಅದರ ಕೆಲಸ. ನಾಲ್ಕು ದಿಕ್ಕಿನ ನಾಲ್ಕು ಸಮುದ್ರಕ್ಕೆ ನಾಲ್ಕು ಜನ ಡ್ರ್ಯಾಗನ್ ರಾಜರು ಇದ್ದಾರಂತೆ. ಸಿಟ್ಟು ಬಂದರೆ ಪ್ರವಾಹವೂ ಬರುತ್ತೆ. ಆದ್ದರಿಂದ ಜನ ಅದಕ್ಕೆ ಹೆದರುತ್ತಾರೆ, ಆದರೆ ಕೊಲ್ಲೋಕೆ ಹೋಗೋದಿಲ್ಲ. ಪೂಜೆ ಮಾಡುತ್ತಾರೆ.

ಹಿಂದೆ ಅಲ್ಲಿನ ಹಳ್ಳಿಗಳಲ್ಲಿ ಮಳೆ ಬಾರದಿದ್ದರೆ ಡ್ರ್ಯಾಗನ್ ರಾಜನ ಗುಡಿಗೆ ಹೋಗಿ ಬೇಡಿಕೊಳ್ಳುತ್ತಿದ್ದರು. ಎಷ್ಟು ಬೇಡಿದರೂ ಮಳೆ ಬರಲಿಲ್ಲ ಅಂದ್ರೆ ಕೆಲವು ಕಡೆ ವಿಗ್ರಹವನ್ನೇ ಹೊರಗೆ ತಂದು ಬಿಸಿಲಲ್ಲಿ ಕೂರಿಸುತ್ತಿದ್ದರು. ನಮ್ಮ ಕಷ್ಟ ನಿನಗೂ ಗೊತ್ತಾಗಲಿ ಅಂತ! ಇದನ್ನ ಕೇಳಿ ಮಕ್ಕಳು ತುಂಬಾ ನಕ್ಕರು. ಆಮೇಲೆ ಒಬ್ಬ ಹುಡುಗ, "ಅಕ್ಕ, ನಮ್ಮ ಕಡೆ ಕಪ್ಪೆಗೆ ಮದುವೆ ಮಾಡಲ್ವಾ, ಹಂಗೇನಾ?" ಅಂದ. ಹೌದು, ಹಂಗೇ. ಮಳೆಗೆ ಕಾಯೋರು ಎಲ್ಲಾ ದೇಶದಲ್ಲೂ ಇದ್ದಾರೆ.

ಸುಮಾರು 1900 ವರ್ಷಗಳ ಹಿಂದೆ ಶು ಶೆನ್ ಎಂಬ ಪಂಡಿತರು ಚೀನೀ ಭಾಷೆಯ ಒಂದು ನಿಘಂಟು ಮಾಡಿದರು. ಅದರಲ್ಲಿ ಡ್ರ್ಯಾಗನ್ ವಸಂತದಲ್ಲಿ ಹಗಲು ರಾತ್ರಿ ಸಮವಾದಾಗ ಆಕಾಶಕ್ಕೆ ಏರುತ್ತದೆ, ಶರತ್ಕಾಲದಲ್ಲಿ ಹಗಲು ರಾತ್ರಿ ಸಮವಾದಾಗ ಆಳ ನೀರಿಗೆ ಇಳಿಯುತ್ತದೆ ಎಂದು ಬರೆದಿದ್ದಾರೆ. ಹಾಗಾಗಿ ಡ್ರ್ಯಾಗನ್ ಬರೆಯೋರು ಮೊದಲು ನೆನಪಿಡಬೇಕಾದ ಮಾತು ಇದು: ಬೆಂಕಿ ಬೇಡ, ನೀರು ಬೇಕು. ಮೋಡ ಅಥವಾ ಅಲೆ ಇಲ್ಲದೆ ಬರೆದ ಡ್ರ್ಯಾಗನ್ ಮನೆ ಇಲ್ಲದ ಡ್ರ್ಯಾಗನ್.

ನಮಗೂ ಅದಕ್ಕೂ ಒಂದು ನೆಂಟಸ್ತಿಕೆ ಇದೆ

ಇದನ್ನ ನಮ್ಮ ಮೇಷ್ಟ್ರು ಹೇಳಿದರು. ಬೌದ್ಧ ಧರ್ಮದ ಗ್ರಂಥಗಳು ಭಾರತದಿಂದ ಚೀನಾಕ್ಕೆ ಹೋದಾಗ ಅಲ್ಲಿನವರು ಅವನ್ನ ತಮ್ಮ ಭಾಷೆಗೆ ಅನುವಾದ ಮಾಡಿದರು. ಅದರಲ್ಲಿ 'ನಾಗ' ಅನ್ನೋ ಪದ ಬಂದ ಕಡೆ 'ಲೊಂಗ್' ಅಂತ ಬರೆದರು. ನಮ್ಮ ನಾಗರಾಜ ಅಲ್ಲಿ ಡ್ರ್ಯಾಗನ್ ರಾಜ ಆದ. ನಾಗನಿಗೂ ನೀರಿಗೂ ಸಂಬಂಧ ಇದೆ ಅಂತ ನಮ್ಮ ಕಥೆಗಳಲ್ಲೂ ಇದೆಯಲ್ಲ.

ಇನ್ನೊಂದು. ನಮ್ಮ ಹಾಸನ ಜಿಲ್ಲೆಯ ಹಳೇಬೀಡಿಗೆ ಶಾಲಾ ಪ್ರವಾಸ ಹೋದವರು ನೆನಪು ಮಾಡಿಕೊಳ್ಳಿ. ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಕೆಳಗಡೆ ಆನೆ ಸಾಲು, ಸಿಂಹದ ಸಾಲು, ಕುದುರೆ ಸಾಲು ಇವೆ. ಮೇಲೆ ಒಂದು ವಿಚಿತ್ರ ಪ್ರಾಣಿಯ ಸಾಲೂ ಇದೆ. ಅದೇ ಮಕರ. ಮೊಸಳೆಯ ಬಾಯಿ, ಆನೆಯ ಸೊಂಡಿಲಿನಂಥ ಮೂತಿ, ಬಳ್ಳಿ ತರಹ ಸುತ್ತಿಕೊಂಡ ಬಾಲ. ಅದು ನಮ್ಮ ಶಿಲ್ಪಿಗಳು ಜೋಡಿಸಿದ ಪ್ರಾಣಿ. ಚೀನಾದವರು ಜೋಡಿಸಿದ್ದು ಡ್ರ್ಯಾಗನ್.

ಮೊದಲನೇ ಶನಿವಾರ: ಹುಣಸೆ ಬೀಜದ ಡ್ರ್ಯಾಗನ್

ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಪುಯಾಂಗ್ ಅಂತ ಒಂದು ಊರು ಇದೆ. ಅಲ್ಲಿ 1987ರಲ್ಲಿ ಭೂಮಿ ಅಗೆದಾಗ ಒಂದು ಹಳೇ ಸಮಾಧಿ ಸಿಕ್ಕಿತು. ಅದರಲ್ಲಿ ಒಬ್ಬ ಮನುಷ್ಯನ ಅಸ್ಥಿಪಂಜರ. ಅದರ ಒಂದು ಪಕ್ಕ ಕಪ್ಪೆಚಿಪ್ಪು ಜೋಡಿಸಿ ಮಾಡಿದ ಹುಲಿ, ಇನ್ನೊಂದು ಪಕ್ಕ ಕಪ್ಪೆಚಿಪ್ಪಿನ ಡ್ರ್ಯಾಗನ್. ಡ್ರ್ಯಾಗನ್ ಉದ್ದ 1.78 ಮೀಟರ್, ಅಂದ್ರೆ ಒಬ್ಬ ದೊಡ್ಡ ಮನುಷ್ಯನಷ್ಟು. ಅದು ಆರು ಸಾವಿರ ವರ್ಷಕ್ಕಿಂತ ಹಳೆಯದು.

ಆದ್ದರಿಂದ ಮೊದಲ ದಿನ ನಾವು ಕಾಗದ, ಬಣ್ಣ ಏನೂ ಮುಟ್ಟಲಿಲ್ಲ. ಮಕ್ಕಳು ಮನೆಯಿಂದ ಒಂದೊಂದು ಹಿಡಿ ಹುಣಸೆ ಬೀಜ ತಂದರು. ಆಟದ ಬಯಲಿನಲ್ಲಿ ಬೀಜ ಸಾಲಾಗಿ ಇಟ್ಟು ಡ್ರ್ಯಾಗನ್ ಮಾಡಿದೆವು. ಬೀಜದಲ್ಲಿ ಮಾಡಿದರೆ ಒಂದು ಅನುಕೂಲ. ಬಾಗು ಸರಿ ಬರಲಿಲ್ಲ ಅಂದ್ರೆ ಬೀಜ ಸರಿಸಿದರೆ ಆಯ್ತು. ಪೇಪರ್ ಹಾಳಾಗುತ್ತೆ ಅನ್ನೋ ಹೆದರಿಕೆ ಇಲ್ಲ. ಚಿಕ್ಕವರಿಗೆ ಹೇಳಿಕೊಡೋರು ಹೀಗೇ ಶುರು ಮಾಡಿ ಅಂತ ನಾನು ಹೇಳ್ತೀನಿ.

ಎರಡನೇ ಶನಿವಾರ: ಒಂಬತ್ತು ಹೋಲಿಕೆ

ಡ್ರ್ಯಾಗನ್ನನ್ನ ಯಾರೂ ನೋಡಿಲ್ಲ. ಹಾಗಿದ್ದರೆ ಬರೆಯೋದು ಹೇಗೆ? ಅದಕ್ಕೆ ಚೀನಾದ ಹಿಂದಿನ ಪಂಡಿತರು ಒಂದು ಪಟ್ಟಿ ಮಾಡಿಟ್ಟಿದ್ದಾರೆ. ಡ್ರ್ಯಾಗನ್ ಒಂಬತ್ತು ಪ್ರಾಣಿಗಳನ್ನ ಹೋಲುತ್ತದೆ ಅಂತ.

1. ಕೊಂಬು ಜಿಂಕೆಯದು.
2. ತಲೆ ಒಂಟೆಯದು.
3. ಕಣ್ಣು ದೆವ್ವದ್ದು. (ಕೆಲವು ಪಟ್ಟಿಯಲ್ಲಿ ಮೊಲದ್ದು ಅಂತ ಇದೆ.)
4. ಕತ್ತು ಹಾವಿನದು.
5. ಹೊಟ್ಟೆ ಕಪ್ಪೆಚಿಪ್ಪಿನದು.
6. ಹುರುಪೆ ಗೆಂಡೆ ಮೀನಿನದು.
7. ಉಗುರು ಹದ್ದಿನದು.
8. ಅಂಗಾಲು ಹುಲಿಯದು.
9. ಕಿವಿ ಹಸುವಿನದು.

ಹುರುಪೆ ಲೆಕ್ಕವೂ ಇದೆ. ಒಂಬತ್ತೊಂಬತ್ಲೆ 81 ಇರಬೇಕಂತೆ. ಒಂಬತ್ತು ಅವರಿಗೆ ತುಂಬಾ ಶ್ರೇಷ್ಠವಾದ ಸಂಖ್ಯೆ. ಮೂರನೇ ಕ್ಲಾಸಿನವರು ಅವತ್ತು ಒಂಬತ್ತರ ಮಗ್ಗಿಯನ್ನೂ ಹೇಳಿದರು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನಾನು ಬೋರ್ಡ್ ಮೇಲೆ ಡ್ರ್ಯಾಗನ್ ಚಿತ್ರ ಬರೆಯಲೇ ಇಲ್ಲ. ಬೋರ್ಡ್ ಮೇಲೆ ಬರೆದರೆ ಎಲ್ಲರೂ ಅದನ್ನೇ ನೋಡಿ ಬರೀತಾರೆ. ಇಬ್ಬರದು ಹಾಗೇ ಬರುತ್ತೆ. ಉಳಿದ ಹನ್ನೆರಡು ಜನ "ನಂಗೆ ಚಿತ್ರ ಬರಲ್ಲ" ಅಂತ ತೀರ್ಮಾನ ಮಾಡಿಬಿಡ್ತಾರೆ. ನಮ್ಮ ಕ್ಲಾಸಿನಲ್ಲೂ ಹಾಗೆ ಅಂದುಕೊಂಡು ಡ್ರಾಯಿಂಗ್ ಬಿಟ್ಟವರು ಎಷ್ಟು ಜನ ಇಲ್ಲ ಹೇಳಿ? ಅದಕ್ಕೆ ನಾನು ಪಟ್ಟಿಯನ್ನ ಹಂಚಿದೆ. ಒಬ್ಬೊಬ್ಬರಿಗೆ ಒಂದೊಂದು ಪ್ರಾಣಿ. ವಾರ ಪೂರ್ತಿ ಅದನ್ನ ನೋಡಿಕೊಂಡು ಬರಬೇಕು, ಬಂದು ಎಲ್ಲರಿಗೂ ಹೇಳಬೇಕು. ಅಷ್ಟೇ ಹೋಂವರ್ಕ್.

ನಮ್ಮೂರಲ್ಲಿ ಹುಲಿ ಎಲ್ಲಿ ಸಿಗುತ್ತೆ? ಹುಲಿ ಬದಲು ಬೆಕ್ಕಿನ ಅಂಗಾಲು ನೋಡಿದರು. ಹದ್ದಿನ ಉಗುರು ಹತ್ತಿರದಿಂದ ಕಾಣಲ್ಲ, ಕೋಳಿ ಕಾಲು ನೋಡಿದರು. ಜಿಂಕೆ ಕೊಂಬಿಗೆ ಎಲೆ ಉದುರಿದ ಸೀಬೆ ಕೊಂಬೆ. ಒಂಟೆ ಮಾತ್ರ ಪುಸ್ತಕದಲ್ಲಿ. ಮೀನು ತಂದವರ ಮನೆಯಲ್ಲಿ ಒಬ್ಬ ಹುಡುಗ ಹುರುಪೆ ಹೇಗಿದೆ ಅಂತ ನೋಡಿ ಬಂದ. "ಅಕ್ಕ, ಅದು ಹೆಂಚು ಹೊದಿಸಿದ ಹಾಗಿದೆ. ಒಂದರ ತುದಿ ಇನ್ನೊಂದರ ಮೇಲೆ ಬರುತ್ತೆ" ಅಂದ. ಎಷ್ಟು ಸರಿಯಾಗಿ ಹೇಳಿದ ನೋಡಿ! ಆಮೇಲೆ ಯಾರೂ ಹುರುಪೆಯನ್ನ ಬರೀ ಸೊನ್ನೆ ಸೊನ್ನೆ ಹಾಕಿ ಬರೆಯಲಿಲ್ಲ.

ಒಬ್ಬ ಹುಡುಗಿ ಮಾತ್ರ ಹಿಂದೆ ಗೋಡೆಗೆ ಒರಗಿ ಕೂತುಬಿಟ್ಟಿದ್ದಳು. "ನಂಗೆ ಬರಲ್ಲಕ್ಕ, ನನ್ನ ಬಿಟ್ಬಿಡು" ಅಂದಳು. ಅವಳ ಪಾಲಿಗೆ ಹಸುವಿನ ಕಿವಿ ಬಂದಿತ್ತು. ಮುಂದಿನ ವಾರ ಅವಳ ಸರದಿ ಬಂದಾಗ ಎದ್ದು ನಿಂತು ಹೇಳಿದಳು: "ಹಸು ಸುಮ್ಮನೆ ನಿಂತಿದ್ರೆ ಕಿವಿ ಪಕ್ಕಕ್ಕೆ ಇರುತ್ತೆ. ಕರು ಕೂಗಿದ್ರೆ ಮುಂದಕ್ಕೆ ಬರುತ್ತೆ. ನಾಯಿ ಬಂದ್ರೆ ಹಿಂದಕ್ಕೆ ಹೋಗುತ್ತೆ. ಕಿವಿ ಒಳಗೆ ಕೂದಲು ಇದೆ." ಇಷ್ಟನ್ನ ನಾವು ಯಾರೂ ಗಮನಿಸಿರಲಿಲ್ಲ. ಆ ದಿನದಿಂದ ಎಲ್ಲರೂ ಅವಳನ್ನೇ ಕೇಳ್ತಾರೆ: "ನನ್ನ ಡ್ರ್ಯಾಗನ್‌ಗೆ ಸಿಟ್ಟು ಬಂದಿದೆ, ಕಿವಿ ಎತ್ತ ಕಡೆ ಇಡಲಿ?" ಗೋಡೆಯ ಮೇಲಿನ ಚಿತ್ರಗಳಲ್ಲಿ ಕಿವಿಗಳನ್ನ ನೋಡಿ. ಯಾವ ಡ್ರ್ಯಾಗನ್ ಸಮಾಧಾನವಾಗಿದೆ, ಯಾವುದಕ್ಕೆ ಕೋಪ ಅಂತ ನಿಮಗೇ ಗೊತ್ತಾಗುತ್ತೆ.

ನಾನು ಹೇಳಬೇಕು ಅಂತಿದ್ದದ್ದು ಇದೇ. ಕಾಣದ ಪ್ರಾಣಿಯನ್ನ ಬರೆಯಬೇಕಾದರೆ ಕಂಡ ಪ್ರಾಣಿಯನ್ನ ಚೆನ್ನಾಗಿ ನೋಡಿರಬೇಕು. ನೋಡೋದು ಎಲ್ಲರಿಗೂ ಬರುತ್ತೆ. ಆದ್ದರಿಂದ ಚಿತ್ರವೂ ಎಲ್ಲರಿಗೂ ಬರುತ್ತೆ.

ಮೂರನೇ ಶನಿವಾರ: ಮಸಿ ಮತ್ತು ಕುಂಚ

ಚೀನಾದಲ್ಲಿ ಮಸಿಯನ್ನ ಹೊಗೆಯ ಕಾಡಿಗೆ ಮತ್ತು ಪ್ರಾಣಿಯ ಅಂಟು ಸೇರಿಸಿ, ಅಚ್ಚಿನಲ್ಲಿ ಒತ್ತಿ, ಒಣಗಿಸಿ ಕಡ್ಡಿ ಮಾಡುತ್ತಾರೆ. ಬರೆಯುವಾಗ ಆ ಕಡ್ಡಿಯನ್ನ ಕಲ್ಲಿನ ಮೇಲೆ ನೀರು ಹಾಕಿ ತೇಯಬೇಕು. ನಾವು ಗಂಧ ತೇಯ್ದ ಹಾಗೆ. ಕುಂಚ, ಮಸಿ, ಕಾಗದ, ಮಸಿ ತೇಯೋ ಕಲ್ಲು, ಈ ನಾಲ್ಕನ್ನೂ ಅವರು ಓದೋ ಕೋಣೆಯ ನಾಲ್ಕು ಐಶ್ವರ್ಯ ಅಂತ ಕರೆಯುತ್ತಾರೆ. ಅವರ ಒಳ್ಳೆಯ ಕಾಗದ ಮರದ ತೊಗಟೆ ಮತ್ತು ಭತ್ತದ ಹುಲ್ಲಿನಿಂದ ಆಗಿರುತ್ತೆ. ಅದು ಮಸಿಯನ್ನ ತಕ್ಷಣ ಹೀರಿಕೊಳ್ಳುತ್ತೆ. ರಬ್ಬರ್ ಹಾಕಿ ಅಳಿಸೋಕೆ ಆಗಲ್ಲ.

ನಾವು ಮಾಡಿದ್ದು ಹೀಗೆ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಮಗುಚಿ ಹಿಡಿದು ಕಾಡಿಗೆ ಕೂಡಿಸಿದೆವು. (ಇದನ್ನ ದೊಡ್ಡವರು ಪಕ್ಕದಲ್ಲಿ ಇದ್ದಾಗ ಮಾತ್ರ ಮಾಡಿ.) ಜಾಲಿ ಮರದ ಅಂಟನ್ನ ರಾತ್ರಿ ನೀರಲ್ಲಿ ನೆನೆಸಿ ಬೆಳಿಗ್ಗೆ ಸೋಸಿದೆವು. ಕಾಡಿಗೆಗೆ ಮೊದಲೇ ಜಾಸ್ತಿ ನೀರು ಹಾಕಬಾರದು, ತೇಲುತ್ತೆ. ಮೊದಲು ಅಂಟು ಹಾಕಿ ಚೆನ್ನಾಗಿ ಅರೆದು, ಆಮೇಲೆ ಸ್ವಲ್ಪ ಸ್ವಲ್ಪ ನೀರು ಸೇರಿಸಬೇಕು. ಈಚಲ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿಕೊಂಡೆವು. ಅಭ್ಯಾಸಕ್ಕೆ ಹಳೇ ನ್ಯೂಸ್ ಪೇಪರ್, ಕೊನೆಗೆ ಒಂದೊಂದು ಬಿಳಿ ಹಾಳೆ. ಮೂರು ಬಟ್ಟಲು ಇಟ್ಟುಕೊಂಡು ಒಂದರಲ್ಲಿ ಗಟ್ಟಿ ಮಸಿ, ಒಂದರಲ್ಲಿ ಅರ್ಧ ನೀರು, ಒಂದರಲ್ಲಿ ತುಂಬಾ ತೆಳು ಮಸಿ ಹಾಕಿದರೆ ಒಂದೇ ಕಪ್ಪಿನಲ್ಲಿ ಮೂರು ಬಣ್ಣ ಸಿಕ್ಕಿದ ಹಾಗೆ.

ಬರೆಯುವ ಕ್ರಮ

1. ಕುಂಚವನ್ನ ಪೆನ್ಸಿಲ್ ತರಹ ಮಲಗಿಸಬೇಡಿ. ನೆಟ್ಟಗೆ ಹಿಡಿಯಿರಿ. ಬೆರಳಿನಿಂದ ಅಲ್ಲ, ತೋಳಿನಿಂದ ಎಳೆಯಿರಿ.

2. ಮೊದಲು ತೆಳು ಮಸಿಯಲ್ಲಿ ಬೆನ್ನಿನ ಗೆರೆ. ತೋಟಕ್ಕೆ ನೀರು ಬಿಟ್ಟಾಗ ಅದು ಹೇಗೆ ಬಳುಕುತ್ತಾ ಹೋಗುತ್ತೋ ಹಾಗೆ. ನಡುವೆ ನಿಲ್ಲಿಸಬೇಡಿ. ನಿಲ್ಲಿಸಿದ ಕಡೆ ಮಸಿ ಉಬ್ಬಿಕೊಳ್ಳುತ್ತೆ.

3. ಇಡೀ ಮೈ ಕಾಣಬೇಕು ಅಂತಿಲ್ಲ. ತಲೆ ಒಂದು ಕಡೆ, ನಡು ಇನ್ನೊಂದು ಕಡೆ, ಬಾಲ ಮತ್ತೊಂದು ಕಡೆ ಕಂಡರೆ ಸಾಕು. ಉಳಿದದ್ದು ಮೋಡದ ಒಳಗೆ. ಆದರೆ ಮರೆಯಾದ ಭಾಗ ಒಳಗೇ ಕೂಡಿಕೊಳ್ಳಬೇಕು. ಮೋಡದ ಮೇಲೆ ಬೆರಳಾಡಿಸಿ ನೋಡಿ, ಬಾಗು ಸರಿಯಾಗಿ ಸೇರುತ್ತಾ ಅಂತ.

4. ತಲೆ, ಕೊಂಬು, ಕಿವಿ. ಮೂತಿಯ ಹತ್ತಿರ ಎರಡು ಉದ್ದ ಮೀಸೆ. ಮೀಸೆ ಒಂದೇ ಎಳೆತದಲ್ಲಿ ಬರಬೇಕು.

5. ಕಾಲು ನಾಲ್ಕು. ಉಗುರು ಎಷ್ಟು? ಮಿಂಗ್ ಮತ್ತು ಚಿಂಗ್ ವಂಶದ ಕಾಲದಲ್ಲಿ ಐದು ಉಗುರಿನ ಡ್ರ್ಯಾಗನ್ ಚಕ್ರವರ್ತಿಯ ಗುರುತು. ಬೇರೆಯವರು ಮನಸ್ಸಿಗೆ ಬಂದ ಹಾಗೆ ಬಳಸುವಂತಿರಲಿಲ್ಲ. ಕೊನೆಯ ಚಕ್ರವರ್ತಿ 1912ರಲ್ಲಿ ಸಿಂಹಾಸನ ಬಿಟ್ಟ. "ಈಗ ರಾಜನೇ ಇಲ್ವಲ್ಲ" ಅಂತ ನಮ್ಮ ಮಕ್ಕಳೆಲ್ಲ ಐದೈದು ಉಗುರು ಹಾಕಿದರು!

6. ಹೊಟ್ಟೆಗೆ ಅಡ್ಡ ಅಡ್ಡ ಗೆರೆ. ಬೆನ್ನಿಗೆ ಹೆಂಚಿನ ಹಾಗೆ ಹುರುಪೆ. ಎಲ್ಲಾ ಕಡೆ ತುಂಬಬೇಡಿ.

7. ಮೋಡಕ್ಕೆ ಒದ್ದೆ ಬಟ್ಟೆಯನ್ನ ತೆಳು ಮಸಿಯಲ್ಲಿ ಅದ್ದಿ ಒತ್ತಿ.

8. ಕಣ್ಣು ಕಟ್ಟಕಡೆಗೆ.

ಬಟ್ಟೆ ಒತ್ತೋದು ನನ್ನ ಉಪಾಯ ಅಲ್ಲ. ಚೆನ್ ರೊಂಗ್ ಎಂಬ ದೊಡ್ಡ ಚಿತ್ರಗಾರ ಚೀನಾದಲ್ಲಿ ಇದ್ದರು. ಅವರು ಸರ್ಕಾರಿ ಅಧಿಕಾರಿಯೂ ಆಗಿದ್ದರು. 1244ರಲ್ಲಿ ಅವರು 'ಒಂಬತ್ತು ಡ್ರ್ಯಾಗನ್' ಎಂಬ ಚಿತ್ರ ಬರೆದರು. ಅದು ಸುರುಳಿ ಚಿತ್ರ. ಎತ್ತರ ಒಂದೂವರೆ ಅಡಿ, ಉದ್ದ ಸುಮಾರು 10 ಮೀಟರ್. ಬಂಡೆ, ಅಲೆ, ಮಂಜು, ಮೋಡದ ನಡುವೆ ಒಂಬತ್ತು ಡ್ರ್ಯಾಗನ್. ಹೆಚ್ಚು ಕಮ್ಮಿ ಬರೀ ಕಪ್ಪು ಮಸಿ, ಅಲ್ಲಲ್ಲಿ ಚೂರು ಕೆಂಪು. ಈಗ ಅದು ಅಮೆರಿಕದ ಬಾಸ್ಟನ್ ನಗರದ ಕಲಾ ಮ್ಯೂಸಿಯಂನಲ್ಲಿ ಇದೆ. ಅವರು ಟೋಪಿಯನ್ನೇ ಮಸಿಯಲ್ಲಿ ಅದ್ದಿ ಕಾಗದದ ಮೇಲೆ ಬಳಿದು, ಆಮೇಲೆ ಕುಂಚದಿಂದ ತಿದ್ದುತ್ತಿದ್ದರು ಅಂತ ಹೇಳುತ್ತಾರೆ. ಮಕ್ಕಳು ಟೋಪಿ ಅದ್ದೋಕೆ ಹೊರಟರು. ನಾನು ಬಟ್ಟೆ ಕೊಟ್ಟೆ.

ನಾಲ್ಕನೇ ಶನಿವಾರ: ಕಣ್ಣು

ಕಣ್ಣು ಯಾಕೆ ಕೊನೆಗೆ? ಅದಕ್ಕೊಂದು ಕಥೆ ಇದೆ. ಸುಮಾರು 1500 ವರ್ಷಗಳ ಹಿಂದೆ ಜಾಂಗ್ ಸೆಂಗ್‌ಯೂ ಎಂಬ ಚಿತ್ರಗಾರ ಇದ್ದರು. ಅವರು ಒಂದು ದೇವಾಲಯದ ಗೋಡೆ ಮೇಲೆ ನಾಲ್ಕು ಡ್ರ್ಯಾಗನ್ ಬರೆದು ಕಣ್ಣು ಮಾತ್ರ ಇಡಲಿಲ್ಲ. "ಕಣ್ಣು ಇಟ್ಟರೆ ಹಾರಿ ಹೋಗುತ್ತವೆ" ಅಂದರಂತೆ. ಜನ ನಂಬಲಿಲ್ಲ, ಇಡಲೇಬೇಕು ಅಂತ ಹಟ ಮಾಡಿದರು. ಅವರು ಕಣ್ಣು ಇಟ್ಟರು. ತಕ್ಷಣ ಗುಡುಗು ಸಿಡಿಲು ಬಂದು ಗೋಡೆ ಬಿರಿಯಿತು. ಎರಡು ಡ್ರ್ಯಾಗನ್ ಮೋಡ ಹತ್ತಿ ಹೋಗೇಬಿಟ್ಟವು. ಕಣ್ಣು ಇಡದ ಎರಡು ಮಾತ್ರ ಗೋಡೆ ಮೇಲೆ ಉಳಿದವು. ಈಗಲೂ ಚೀನಾದವರು ಮಾತಿಗೋ ಬರವಣಿಗೆಗೋ ಕೊನೆಗೆ ಒಂದು ಒಳ್ಳೆ ಮಾತು ಸೇರಿ ಜೀವ ಬಂದರೆ "ಡ್ರ್ಯಾಗನ್‌ಗೆ ಕಣ್ಣು ಇಟ್ಟ ಹಾಗೆ" ಅನ್ನುತ್ತಾರೆ.

"ಅಕ್ಕ, ಡ್ರ್ಯಾಗನ್ ನಿಜವಾಗ್ಲೂ ಇದೆಯಾ?" ಅಂತ ಕೆಲವರು ಕೇಳಿದರು. ಇಲ್ಲ. ಹಿಂದೆ ಚೀನಾದ ಔಷಧಿ ಅಂಗಡಿಗಳಲ್ಲಿ ಡ್ರ್ಯಾಗನ್ ಮೂಳೆ ಅಂತ ಮಾರುತ್ತಿದ್ದದ್ದು ಲಕ್ಷಾಂತರ ವರ್ಷ ಹಿಂದಿನ ಬೇರೆ ಪ್ರಾಣಿಗಳ ಕಲ್ಲಾದ ಮೂಳೆ. ಆದರೆ ಜನರ ಮನಸ್ಸಿನಲ್ಲಿ ಡ್ರ್ಯಾಗನ್ ಇದೆ. ಅವರ ಪಂಚಾಂಗದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಡ್ರ್ಯಾಗನ್ ವರ್ಷ ಬರುತ್ತೆ. 2024ರಲ್ಲಿ ಬಂದಿತ್ತು, ಮುಂದಿನದು 2036ರಲ್ಲಿ.

ಹದಿಮೂರು ಮಕ್ಕಳು ಕಣ್ಣು ಇಟ್ಟರು. ಹಸುವಿನ ಕಿವಿ ನೋಡಿ ಬಂದ ಹುಡುಗಿ ಇಡಲಿಲ್ಲ. "ಅಪ್ಪ ರಾಗಿ ಬಿತ್ತಿದ್ದಾರೆ. ಮಳೆ ಬಂದಿಲ್ಲ. ಮಳೆ ಬಂದ ದಿನ ಇಡ್ತೀನಿ" ಅಂದಳು. ಚಿತ್ರ ಬರೆದರೆ ಮಳೆ ಬರೋದಿಲ್ಲ, ಮಳೆ ಬರೋದು ಮಾನ್ಸೂನ್ ಮಾರುತದಿಂದ ಅಂತ ನಾವು ವಿಜ್ಞಾನದಲ್ಲಿ ಓದಿದ್ದೇವೆ. ಅದು ಅವಳಿಗೂ ಗೊತ್ತು. ಆದರೂ ನಾನು ಒತ್ತಾಯ ಮಾಡಲಿಲ್ಲ. ಅವಳ ಮನೆಯವರು ಏನನ್ನ ಕಾಯ್ತಾ ಇದ್ದಾರೋ ಅದನ್ನೇ ಆ ಗುಡಿಯ ಮುಂದೆ ನಿಂತ ಚೀನಾದ ರೈತರೂ ಕಾಯುತ್ತಿದ್ದರು.

ಆದ್ದರಿಂದ ಎರಡನೇ ಸಾಲಿನ ಕೊನೆಯ ಚಿತ್ರ ನೋಡಿ "ಇದಕ್ಕೆ ಕಣ್ಣೇ ಇಲ್ಲ, ಅರ್ಧಕ್ಕೆ ಬಿಟ್ಟಿದ್ದಾಳೆ" ಅಂತ ಯಾರೂ ನಗಬೇಡಿ. ಪೆನ್ನು ತಗೊಂಡು ನೀವೇ ಕಣ್ಣು ಇಡಲೂ ಬೇಡಿ. ಅದು ಅವಳ ಕೆಲಸ.

ಹೇಳಿಕೊಡುವವರಿಗೆ ಕೊನೆಯ ಮಾತು

ಒಂದು, ಬೋರ್ಡ್ ಮೇಲೆ ಬರೆದು ತೋರಿಸಬೇಡಿ. ಎರಡು, ಚಿಕ್ಕವರ ಕೈ ಹಿಡಿದು ತಿದ್ದಬೇಡಿ. ಮೂರು, ಯಾರದು ಚೆನ್ನಾಗಿದೆ ಅಂತ ನಂಬರ್ ಕೊಡಬೇಡಿ. ನಾಲ್ಕು, ಮಸಿ ಸಮವಸ್ತ್ರಕ್ಕೆ ತಾಗಿದರೆ ಹೋಗಲ್ಲ, ಹಳೇ ಅಂಗಿ ಹಾಕಿಸಿ.

ಉಳಿದ ಮಸಿ ಮತ್ತು ಈಚಲ ಕುಂಚಗಳು ಸ್ಟಾಫ್ ರೂಮಿನ ಕಿಟಕಿ ಪಕ್ಕದ ಡಬ್ಬದಲ್ಲಿವೆ. ಬೇಕಾದವರು ಮೇಷ್ಟ್ರನ್ನ ಕೇಳಿ ತಗೊಳ್ಳಿ. ಬರುವ ಶನಿವಾರ ನಾಲ್ಕನೇ ತರಗತಿಯವರಿಗೆ ಶುರು ಮಾಡ್ತೀನಿ. ನಮ್ಮ ಕ್ಲಾಸಿನಲ್ಲಿ "ನಂಗೆ ಚಿತ್ರ ಬರಲ್ಲ" ಅನ್ನೋರು ಯಾರಾದರೂ ಇದ್ದರೆ ಸಹಾಯಕ್ಕೆ ಬನ್ನಿ. ಬರುವಾಗ ಒಂದು ಹಿಡಿ ಹುಣಸೆ ಬೀಜ ತನ್ನಿ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ